ಕೇಳದೇ ಕೊಟ್ಟ ಹೊಳಪು

“ಬಾನೆಟ್ ಕಪ್ಪು ಮಾಡ್ಕೊಡಿ ಅಣ್ಣ. ಒಂಚೂರೂ ಹೊಳೀಬಾರ್ದು,” ಎಂದ ಭದ್ರಾವತಿಯ ಲಾರಿ ಡ್ರೈವರ್. ಸವಳಂಗ ರಸ್ತೆಯ ನನ್ನ ಪೇಂಟಿಂಗ್ ಶೆಡ್ಡಿನ ಮುಂದೆ ನಿಂತಿದ್ದ ಆ ಉದ್ದ ಮೂತಿಯ ಹಳೇ ಲಾರಿಗೆ ಆಯುಧಪೂಜೆಗೆ ಮುಂಚೆ ನಾನೇ ಬಣ್ಣ ಹೊಡೆದಿದ್ದೆ. ಪೂಜೆಯ ಗಾಡಿ ಮಿರಮಿರ ಮಿಂಚಲಿ ಎಂದು, ಅವನು ಕೇಳದಿದ್ದರೂ ಬಾನೆಟ್ಟಿಗೆ ಹೊಳಪಿನ ಇನ್ನೊಂದು ಕೋಟ್ ಕೊಟ್ಟು, “ಇದ್ರಲ್ಲಿ ಮುಖ ನೋಡ್ಕೊಂಡು ತಲೆ ಬಾಚ್ಕೋಬಹುದು ಮಾರಾಯ!” ಎಂದು ಬೀಗಿದ್ದೆ.

“ಅಷ್ಟು ಚೆನ್ನಾಗಿರೋದನ್ನ ಯಾಕೆ ಕೆಡಿಸ್ತೀಯ?” ಎಂದು ರೇಗಿದೆ. ಅವನು ಲಾರಿಯತ್ತ ನೋಡಲೇ ಇಲ್ಲ. ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಇಲ್ಲಿಂದ ಭದ್ರಾವತಿಗೆ ಹೋಗುವಾಗ ಎದುರು ಬಿಸಿಲು ಬಾನೆಟ್ಟಿಗೆ ಬಿದ್ದು ನೇರ ಕಣ್ಣಿಗೇ ಹೊಡೆಯಿತಂತೆ. “ಒಂದೇ ಕ್ಷಣ ಅಣ್ಣ, ಎಲ್ಲಾ ಬೆಳ್ಳಗಾಯ್ತು. ಮುಂದೆ ಸೈಕಲ್ಲಲ್ಲಿ ಒಬ್ರು ಅಜ್ಜ ಹೋಗ್ತಿದ್ರು. ಕಾಣ್ಲೇ ಇಲ್ಲ.” ಅಜ್ಜ ಆಸ್ಪತ್ರೆ ತಲುಪುವ ಮೊದಲೇ ತೀರಿಕೊಂಡರಂತೆ.

ನಾನು ಸ್ಯಾಂಡ್‌ಪೇಪರ್ ಹಿಡಿದು ಬಾನೆಟ್ ಉಜ್ಜತೊಡಗಿದೆ. ಅವನೂ ಒಂದು ತುಂಡು ತೆಗೆದುಕೊಂಡು ಆ ಬದಿಯಿಂದ ಉಜ್ಜಿದ. ಮಧ್ಯಾಹ್ನದವರೆಗೂ ಇಬ್ಬರೂ ಉಜ್ಜಿದೆವು. ನಿಮ್ಮಿಂದ ಹೀಗಾಯಿತು ಎಂದು ಅವನು ಒಂದು ಮಾತೂ ಆಡಲಿಲ್ಲ.

ಈಗಲೂ ಲಾರಿಯವರು ಬಾನೆಟ್ಟಿಗೆ ಹೊಳಪು ಕೇಳುತ್ತಾರೆ. ಅಲ್ಲಿಗೆ ಮಾತ್ರ ನಾನು ಮಂಕು ಕಪ್ಪೇ ಹೊಡೆಯುವುದು. ಒಪ್ಪದವರು ಬೇರೆ ಶೆಡ್ಡಿಗೆ ಹೋಗುತ್ತಾರೆ. ಅವನು ಕೇಳದಿದ್ದರೂ ನಾನು ಕೊಟ್ಟ ಆ ಒಂದು ಕೋಟಿನ ವಿಷಯ ಮನೆಯಲ್ಲೂ ಹೇಳಿರಲಿಲ್ಲ. ಇವತ್ತು ಇಲ್ಲಿ ಬರೆದಿದ್ದೇನೆ.