ಸುಜಾತಾಳ ಕಂಪನಿ

ಲಾಕ್‌ಡೌನ್ ಮುಗಿದ ಮರುವರ್ಷದ ಮಾತು. ಆಗ ನಾನು ತಾಂಡೂರಿನಲ್ಲಿ ಹೂಡಿಕೆ ಸಲಹೆಗಾರ. ಸಿಮೆಂಟ್ ಫ್ಯಾಕ್ಟರಿಯಿಂದ ನಿವೃತ್ತರಾಗಿದ್ದ ಬಶೀರಾಬಾದಿನ ಮಾಣಿಕಪ್ಪನವರು ಒಂದು ಬೆಳಿಗ್ಗೆ ಬಂದು ಮೊಬೈಲ್ ತೋರಿಸಿದರು. ಇದ್ದದ್ದು ಮೂರೇ ಶೇರು, ಮೂರೂ ಸಾಫ್ಟ್‌ವೇರ್ ಕಂಪನಿಗಳವು. ಮೊದಲಿಗೆ ಸಮಸಮ ಹಾಕಿದ್ದರಂತೆ. ಈಗ ಮೂರನೆಯದೊಂದೇ ಬೆಳೆದು ಒಟ್ಟು ಮೊತ್ತದ ಅರ್ಧ ದಾಟಿತ್ತು. ಒಟ್ಟು ಹೂಡಿಕೆಯಲ್ಲಿ ಒಂದು ಶೇರಿನ ಪಾಲಿಗೆ ನಮ್ಮ ವೃತ್ತಿಯಲ್ಲಿ ವೇಟ್ ಎನ್ನುತ್ತೇವೆ. ಅದು ಅತಿಯಾದರೆ ಆ ಕಂಪನಿಯ ಜೊತೆ ಮನೆಯೂ ಮುಗ್ಗರಿಸುತ್ತದೆ.

"ಇದರಲ್ಲಿ ಅರ್ಧ ಮಾರಿಬಿಡಿ" ಎಂದೆ.

"ಅದು ಸುಜಾತಾಂದು ರೀ ಸಾಹೇಬ್ರ. ಮಗಳ ಹಿಸ್ಸಾಕ್ಕ ಕತ್ತರಿ ಹಾಕಂತೀರೇನ್ರಿ?"

ಅವರ ಮನೆಯಲ್ಲಿ ಮಗು ಹುಟ್ಟಿದರೆ ಅದರ ಹೆಸರಿಗೊಂದು ಆಡಿನ ಮರಿ ಬಿಡುವ ರೂಢಿ. ಆ ಆಡು ಈದದ್ದೆಲ್ಲ ಆ ಮಗುವಿಗೇ. ಪುಣ್ಯಾತ್ಮರು ಶೇರನ್ನೂ ಹಾಗೆಯೇ ಮೂರು ಮಕ್ಕಳಿಗೆ ಹಂಚಿದ್ದರು! ನಾನು ರಿಸ್ಕು, ಪರ್ಸೆಂಟು ಎಂದು ಗಂಟಲು ಹರಿದುಕೊಂಡೆ. ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಕೊನೆಗೆ ತಲೆ ತಗ್ಗಿಸಿ ಹೇಳಿದರು:

"ಹೆಸರಾದ ಕಂಪನಿ ಎರಡೂ ಗಂಡುಮಕ್ಕಳಿಗಿ ಕೊಟ್ಟೆರಿ. ಆಕಿಗಿ ಯಾರೂ ಕೇಳದ್ದು ಹಚ್ಚಿದೆ. ಈಗ ಅದೇ ಬೆಳದದ. ಯಾವ ಮುಖ ಇಟ್ಕೊಂಡು ಕತ್ತರಿ ಹಾಕ್ಲಿರಿ?"

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಆದರೆ ಸುಮ್ಮನಿರುವಂತೆಯೂ ಇರಲಿಲ್ಲ. ಸುಜಾತಾ ಜಹೀರಾಬಾದಿನ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ಮುಂದಿನ ವರ್ಷ ಅಲ್ಲೇ ಸ್ವಂತ ಲ್ಯಾಬ್ ತೆರೆಯುವ ಆಸೆ, ಅದಕ್ಕೆ ಈ ಶೇರೊಂದೇ ಆಧಾರ. ಅಷ್ಟರಲ್ಲಿ ಅದು ಕುಸಿದರೆ ಲ್ಯಾಬಿನ ಕಥೆ ಮುಗಿದಂತೆ. ಆಕೆಯನ್ನೇ ಕರೆತನ್ನಿ ಎಂದೆ.

ಭಾನುವಾರ ತಂದೆಯ ಜೊತೆ ಬಂದಳು. ನಮ್ಮಿಬ್ಬರ ಮಾತನ್ನೂ ಕೇಳಿ ನಕ್ಕೇಬಿಟ್ಟಳು.

"ಅಪ್ಪಾ, ಆ ಕಂಪನಿ ಅಂದ್ರ ನಾನೇ ಏನು? ಹಿಸ್ಸಾ ನಂದೇ ಇರ್ಲಿ. ಲ್ಯಾಬಿನ ಮಿಷಿನ್‌ಗಿ ಬೇಕಾದಷ್ಟು ಮಾರಿ ಬ್ಯಾಂಕಿನಾಗ ಇಡು. ಉಳದದ್ದು ಬ್ಯಾರೆ ಬ್ಯಾರೆ ಕಂಪನಿಗಿ ಹಾಕು."

ಮಾಣಿಕಪ್ಪನವರಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. "ಅವತ್ತ ಸಣ್ಣ ಕಂಪನಿ ಕೊಟ್ಟೆ ಅಂತ ಸಿಟ್ಟಿಲ್ಲೇನವ್ವಾ?"

"ಸಿಟ್ಟಿತ್ತಪ್ಪಾ. ಸಣ್ಣದು ಕೊಟ್ಟಿದ್ದಕ್ಕಲ್ಲ, ನನಗೊಂದು ಮಾತು ಕೇಳದೇ ಕೊಟ್ಟಿದ್ದಕ್ಕ."

ಅವರು ಮೊಬೈಲನ್ನು ಮಗಳ ಮುಂದೆ ಸರಿಸಿದರು. "ಈಗ ಕೇಳ್ತೀನಿ. ಯಾವುದ್ಕ ಎಷ್ಟು, ನೀನೇ ಹೇಳವ್ವಾ."

ಯಾವ ಶೇರಿಗೆ ಎಷ್ಟು ವೇಟ್ ಎಂದು ಹೇಳಿ ಫೀಸು ತೆಗೆದುಕೊಳ್ಳುವವನು ನಾನು. ಅಂದಿನಿಂದ ಯಾರೇ ಬಂದರೂ ಹಣ ಯಾರ ಬದುಕಿಗೆ ಎಂದು ಮೊದಲು ಕೇಳುತ್ತೇನೆ. ಹಣ ಯಾರಿಗೋ ಅವರೇ ಬಂದು ಎದುರಿಗೆ ಕೂರುವವರೆಗೆ ಲೆಕ್ಕ ಶುರುಮಾಡುವುದಿಲ್ಲ.