ಕಂಬದ ಬುಡದ ಹಳದಿ ಹೂ

ಅಂದು ಪ್ಲಾಟಿನಲ್ಲಿ ಮೂವರು ನಿಂತಿದ್ದೆವು: ನಾನು, ನನ್ನ ಹೆಂಡತಿ, ಪಕ್ಕದ ಪ್ಲಾಟಿನ ಉಡುಪಿಯ ಅಕ್ಕ. ನಾವಿರುವ ಪರದೇಶದ ಊರು ವುಡ್‌ಬ್ರಿಡ್ಜ್‌ನಲ್ಲಿ ಮನೆಗೊಂದು ತುಂಡು ನೆಲ ಬಾಡಿಗೆಗೆ ಕೊಡುವ ತೋಟ ಅದು. ಸೆಪ್ಟೆಂಬರ್ ಮುಗಿಯುತ್ತಿತ್ತು. ಅಪ್ಪ ಬಿತ್ತಿದ್ದ ಮೆಂತ್ಯ ಎಂದೋ ಮುಗಿದಿತ್ತು, ಹೀರೆ ಬಳ್ಳಿ ಒಣಗಿತ್ತು. ಮೂಲೆಯಲ್ಲಿ ಮಾತ್ರ ಎದೆಮಟ್ಟದ ಗಿಡಗಳ ಗುಂಪೊಂದು ಹಳದಿ ಹೂ ಬಿಟ್ಟುಕೊಂಡು ನಿಂತಿತ್ತು.

"ಸೂರ್ಯಕಾಂತಿಯೂ ಅಲ್ಲ, ಚೆಂಡುಹೂವೂ ಅಲ್ಲ ಮಾರಾಯ್ರೆ," ಅಕ್ಕ ಎಲೆ ಉಜ್ಜಿ ಮೂಸಿದರು. "ನಮ್ಮೂರಲ್ಲಿ ನಾನು ಕಂಡದ್ದೇ ಇಲ್ಲ."

ಭಾನುವಾರದೊಳಗೆ ಹೆಸರು ಹೇಳಿ, ಇಲ್ಲವಾದರೆ ಕಳೆಯೆಂದು ಕಿತ್ತುಹಾಕಿ ಎಂದು ತೋಟ ನೋಡಿಕೊಳ್ಳುವ ಹೆಂಗಸು ಹೇಳಿ ಹೋಗಿದ್ದಳು. ನನಗೆ ಕೀಳುವ ಮನಸ್ಸೂ ಇರಲಿಲ್ಲ, ಉಳಿಸುವ ಮನಸ್ಸೂ ಇರಲಿಲ್ಲ. ಜೂನಿನಲ್ಲಿ ಅಪ್ಪ ತೀರಿಕೊಂಡಾಗಿನಿಂದ ಹಾಗೇ. ಆಫೀಸಿಗೆ ಹೋಗುತ್ತಿದ್ದೆ, ಒಂದು ರೊಟ್ಟಿಗೆ ಊಟ ಮುಗಿಸುತ್ತಿದ್ದೆ, ಯಾರಾದರೂ ನಕ್ಕರೆ ನಗುತ್ತಿದ್ದೆ, ಅಳು ಬಂದಿರಲಿಲ್ಲ. ಇದು ಅವರ ಕೈಯಿಂದ ಬಿದ್ದದ್ದೋ, ಗಾಳಿ ತಂದದ್ದೋ, ಅಷ್ಟು ತಿಳಿಯಬೇಕಿತ್ತು.

ಹೆಂಡತಿ ಗಿಡಗಳ ನಡುವಿನ ಕಂಬದ ಬುಡಕ್ಕೆ ಬಗ್ಗಿ ನೋಡಿದಳು. "ರೀ, ಮಾವ ಹಕ್ಕಿಗೆ ಕಾಳು ತೂಗುಹಾಕ್ತಿದ್ದ ಕಂಬ ಇದೇ ಅಲ್ವಾ?"

ಅದೇ. ಮೇ ತಿಂಗಳಲ್ಲಿ ಅಂಗಡಿಯಿಂದ ಹಕ್ಕಿಕಾಳಿನ ಚೀಲ ತಂದಾಗ ಅಪ್ಪ ಕರೀ ಕಾಳನ್ನು ಅಂಗೈಗೆ ಸುರಿದುಕೊಂಡು, "ಇದು ಗುರೆಳ್ಳ ಐತೆವ್ವಾ, ಹುರದು ಚಟ್ನಿಪುಡಿ ಮಾಡು," ಎಂದಿದ್ದರು.

ಮೈಸೂರಿನ ಸೊಸೆ ನಕ್ಕಿದ್ದಳು. "ನಮ್ಕಡೆ ಹುಚ್ಚೆಳ್ಳು ಅಂತೀವಿ ಮಾವ. ಆದ್ರೆ ಚೀಲದ ಮೇಲೆ ಗುಬ್ಬಿ ಚಿತ್ರ ಇದೆ ನೋಡಿ, ಇದು ಹಕ್ಕಿ ಊಟ."

"ನಮಗಿಂತ ಗುಬ್ಬಿಗೇ ಛಲೋ ಊಟ ಹಾಕತಾರಲ್ಲ ಈ ದೇಶದಾಗ!" ಎಂದು ಗೊಣಗುತ್ತ ಅಪ್ಪ ಚೀಲವನ್ನು ಈ ಕಂಬಕ್ಕೇ ಹೊತ್ತು ತಂದಿದ್ದರು.

ಆದರೆ ಗುರೆಳ್ಳಿನ ಗಿಡ ಹೇಗಿರುತ್ತದೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಮನೆಗೆ ಬಂದು ಕಾಲಿಂಗ್ ಕಾರ್ಡಿನಲ್ಲಿ ಧಾರವಾಡದ ಸೋದರತ್ತೆಗೆ ಫೋನು ಮಾಡಿದೆ.

"ಅತ್ತಿ, ಹಳದಿ ಹೂವ, ಎಂಟೆಸಳು. ಎಲಿ ಅಂಚು ಗರಗಸದಂಗ ಐತಿ."

"ಗುರೆಳ್ಳ ಅಲ್ಲೇನೋ ಅದು! ಜ್ವಾಳದ ಹೊಲದ ಅಂಚಿಗೆ ನಿಮ್ಮಪ್ಪನೇ ಬಿತ್ತತಿದ್ದ. ನೀ ಬರೇ ಚಟ್ನಿ ತಿಂದಿ, ಹೂವ ಯಾವಾಗ ನೋಡಿದಿ?"

ಫೋನಿಟ್ಟೆ. ಒಳಗೆ ಏನೂ ಆಗಲಿಲ್ಲ. ಕಾರ್ಡನ್ನು ಡ್ರಾಯರಿನಲ್ಲಿಟ್ಟು ಕೈ ತೊಳೆದುಕೊಂಡೆ.

ಮರುದಿನ ಆ ಹೆಂಗಸಿಗೆ ಹೆಸರು ಹೇಳಿದೆ. "ಗುರ್ರೆಲು, ಗುರ್ರೆಲು" ಎಂದು ನಾಲಗೆ ತಿರುಗಿಸಿ ನೋಡಿ, ಇರಲಿ ಬಿಡಿ ಎಂದಳು.

ಅಕ್ಟೋಬರಿನಲ್ಲಿ ಇಬ್ಬನಿ ಹೆಪ್ಪುಗಟ್ಟುವ ಫ್ರಾಸ್ಟು ಬಿದ್ದು ಗಿಡಗಳೆಲ್ಲ ರಾತ್ರೋರಾತ್ರಿ ಕಪ್ಪಾದವು. ಕಾಳು ಕಟ್ಟಲೇ ಇಲ್ಲ. ಆ ವಾರ ಹೆಂಡತಿ ಗುಬ್ಬಿ ಚಿತ್ರದ ಹೊಸ ಚೀಲ ತಂದು, ಕಾಳು ತೊಳೆದು, ಒಣಗಿಸಿ, ಹುರಿದು ಚಟ್ನಿಪುಡಿ ಮಾಡಿದಳು. ನಾನು ಮೇಲೊಂದಿಷ್ಟು ಎಣ್ಣೆ ಹಾಕಿಸಿಕೊಂಡು ಎರಡನೇ ರೊಟ್ಟಿಯನ್ನೂ ತಿಂದೆ.