ಹಾಸಿಗೆಯೊಳಗಿನ ಡಾಲರು

ಭಾನುವಾರ ಫೋನು ಬಂದರೆ ಎತ್ತುವುದೋ ಬೇಡವೋ ಎಂಬ ಚಿಂತೆ ಸಿಲ್ವಾನಾಳಿಗೆ ಗುರುವಾರದಿಂದಲೇ ಹತ್ತಿಕೊಳ್ಳುತ್ತಿತ್ತು. ಎಂಟು ತಿಂಗಳ ಮಗಳು ಮಾಯ್ತೆಗೆ ಹಾಲೂಡಿಸುವಾಗಲೂ ಅದೇ, ಚಡ್ಡಿ ಹಿಂಡುವಾಗಲೂ ಅದೇ. ಎತ್ತದಿದ್ದರೆ ಅಮ್ಮ ಗಾಬರಿಯಾಗುತ್ತಾಳೆ. ಎತ್ತಿದರೆ ದುಡ್ಡಿನ ಮಾತು ಬರುತ್ತದೆ.

ಅಮ್ಮ ಎರ್ಮಿಂದಾ ಇದ್ದದ್ದು ಅಸುಲ್ ಊರಿನಲ್ಲಿ, ಸಿಲ್ವಾನಾ ಇದ್ದ ಬೆರ್ನಾಲ್‌ನಿಂದ ಬಸ್ಸಿನಲ್ಲಿ ಐದು ತಾಸಿನ ದಾರಿ. ಹೋಟೆಲಿನ ಹೊದಿಕೆಗಳಿಗೆ ತನ್ನದೇ ಯಂತ್ರದಲ್ಲಿ ಹತ್ತೊಂಬತ್ತು ವರ್ಷ ಇಸ್ತ್ರಿ ತಿಕ್ಕಿ ಉಳಿಸಿದ್ದನ್ನೆಲ್ಲ ಅವಳು ಡಾಲರು ಮಾಡಿಸಿ, ಹಾಸಿಗೆಯ ಉಣ್ಣೆಯೊಳಗೆ ಹೊಲಿದಿಡುತ್ತಿದ್ದಳು. ಬಾಡಿಗೆಗಿದ್ದ ಎರಡು ಕೋಣೆಗಳನ್ನು ಸಾಯುವುದರೊಳಗೆ ತನ್ನ ಹೆಸರಿಗೆ ಮಾಡಿಕೊಳ್ಳಬೇಕೆಂಬುದೊಂದೇ ಅವಳ ಆಸೆ.

ಆ ಹೊಲಿಗೆ ಬಿಚ್ಚಿಸಿದವಳು ಸಿಲ್ವಾನಾ. ವಿಮೆ ಕಚೇರಿಯಲ್ಲಿ ಕೆಲಸ ಮಾಡಿದವಳು, ಬಡ್ಡಿ ಎಂದರೇನೆಂದು ಬಲ್ಲವಳು. "ಬ್ಯಾಂಕು ರಾತ್ರೋರಾತ್ರಿ ಎದ್ದು ಓಡ್ಹೋಗುತ್ತಾ ಅಮ್ಮಾ? ಇಲಿ ತಿನ್ನೋದಕ್ಕಿಂತ ವಾಸಿ" ಎಂದು ನಕ್ಕಿದ್ದಳು. ಎರ್ಮಿಂದಾ ಕತ್ತರಿ ಕೈಗೆತ್ತಿಕೊಂಡು, "ನೀನು ಓದಿದೋಳು ಕಣೆ" ಎಂದಿದ್ದಳು. ಬೆರ್ನಾಲ್‌ನ ಬ್ಯಾಂಕಿನಲ್ಲಿ ಖಾತೆ ಇಬ್ಬರ ಹೆಸರಿನಲ್ಲಾಯಿತು.

ಕೆಡುಕು ಬರುತ್ತಿರುವುದು ಕಾಣಿಸದೆ ಇರಲಿಲ್ಲ. ಹತ್ತು ವರ್ಷದಿಂದ ನಾಡಿನ ನಾಣ್ಯವಾದ ಪೇಸೋ ಒಂದಕ್ಕೆ ಒಂದು ಡಾಲರೆಂದು ಸರ್ಕಾರ ಹಿಡಿದು ಕೂತಿತ್ತು. ಹೊರಗಿನ ಮಾಲೆಲ್ಲ ಅಗ್ಗವಾಗಿ ಬಂದು ಬಿತ್ತು. ಸಿಲ್ವಾನಾಳ ಗಂಡ ಫಾಬಿಯಾನ್ ಅಟ್ಟೆ ಹೊಲಿಯುತ್ತಿದ್ದ ಬೂಟಿನ ಕಾರ್ಖಾನೆ ಆ ಬೆಲೆಗೆ ಬೂಟು ಮಾಡಲಾಗದೆ ಮುಚ್ಚಿತು. ಅದಾದ ಮೇಲೆ ಎದುರಿನ ಬೇಕರಿ, ಆಮೇಲೆ ವಿಮೆ ಕಚೇರಿ. ಕೆಲಸವಿಲ್ಲದವರು ಕೊಳ್ಳಲಿಲ್ಲ, ಕೊಳ್ಳುವವರಿಲ್ಲದೆ ಇನ್ನಷ್ಟು ಕದ ಮುಚ್ಚಿದವು. ಪೇಸೋ ಕುಸಿದೀತೆಂದು ಹೆದರಿ ಜನ ಬ್ಯಾಂಕಿನಿಂದ ಡಾಲರು ಎಳೆಯತೊಡಗಿದರು. ನವೆಂಬರಿನಲ್ಲಿ ಠೇವಣಿಯ ಅವಧಿ ಮುಗಿದಾಗ ಅಮ್ಮನೂ ಹೇಳಿದ್ದಳು: "ತೆಗೆದು ನಿನ್ನ ಬೀರುವಿನಲ್ಲಿಡು."

ಸಿಲ್ವಾನಾ ಹೋದಳು. ಕೌಂಟರಿನಲ್ಲಿದ್ದವನು ಬಡ್ಡಿ ಏರಿದೆಯೆಂದು ತೋರಿಸಿದ. ಇನ್ನೊಂದೇ ತಿಂಗಳು ಎಂದು ಸಹಿ ಹಾಕಿ ಬಂದಳು. ಆ ರಾತ್ರಿ ಅಮ್ಮ ಫೋನಿನಲ್ಲಿ ಕೇಳಿದಾಗ, "ತೆಗೆದೆ" ಎಂದುಬಿಟ್ಟಳು. ಡಿಸೆಂಬರು ಹುಟ್ಟುತ್ತಲೇ ಸರ್ಕಾರ ಎಲ್ಲರ ಖಾತೆಗೂ ಬೀಗ ಜಡಿಯಿತು. ಹೊಸ ವರ್ಷದಲ್ಲಿ, ಖಾತೆಗಳಲ್ಲಿದ್ದ ಡಾಲರುಗಳೆಲ್ಲ ಇನ್ನು ಮೇಲೆ ಪೇಸೋ ಎಂದಿತು. ಪೇಸೋ ದಿನದಿನಕ್ಕೆ ಕುಸಿಯಿತು.

ಮಾರ್ಚಿನ ಹೊತ್ತಿಗೆ ಸಿಲ್ವಾನಾಳ ಮನೆಯ ಫೋನಿಗೆ ಹೊರಗಿನ ಕರೆ ಬರುತ್ತಿತ್ತೇ ಹೊರತು, ಬಿಲ್ಲು ಕಟ್ಟದ್ದರಿಂದ ಇವರ ಕರೆ ಹೋಗುತ್ತಿರಲಿಲ್ಲ. ಫಾಬಿಯಾನ್, ದುಡ್ಡಿಲ್ಲದೆ ಸಾಮಾನಿಗೆ ಸಾಮಾನು ಬದಲಿಸುವ ವಿನಿಮಯದ ಸಂತೆಗೆ ಹಳೆ ಬೂಟಿಗೆ ತೇಪೆ ಹಾಕಿ ಒಯ್ಯುತ್ತಿದ್ದ. ಅಲ್ಲಿ ಎಲ್ಲರೂ ತಂದದ್ದು ಕೇಕು ಮತ್ತು ಹಳೆ ಬಟ್ಟೆ; ಹಾಲು ತರುವವರು ಒಬ್ಬರೂ ಇಲ್ಲ.

ಸಿಲ್ವಾನಾ ಎರಡು ದಿನಕ್ಕೊಮ್ಮೆ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬ್ಯಾಂಕಿನ ಮುಂದೆ ನಿಲ್ಲುತ್ತಿದ್ದಳು. ದುಡ್ಡು ಕೊಡಿರೆಂದು ಮುದುಕಿಯರು ಬಾಣಲೆ ಹಿಡಿದು ತಗಡಿನ ಬಾಗಿಲಿಗೆ ಬಡಿಯುತ್ತಿದ್ದರು. ಮಾಯ್ತೆ ಆ ಸದ್ದಿಗೆ ಕೇಕೆ ಹಾಕುತ್ತಿದ್ದಳು.

"ನಿಮ್ಮ ಮಗಳಿಗೊಬ್ಬಳಿಗೇ ಈ ಬ್ಯಾಂಕು ಖುಷಿ ಕೊಟ್ಟಿರೋದು ಕಣಮ್ಮಾ" ಎಂದ ಕಾವಲುಗಾರ. ಅವನ ಉಳಿತಾಯವೂ ಒಳಗೇ ಇತ್ತು.

ಆ ಭಾನುವಾರ ಅವಳು ಫೋನೆತ್ತಿದಳು.

"ಸಿಲ್ವೀ, ಕೇಳು" ಎಂದಳು ಎರ್ಮಿಂದಾ, ಉಸಿರು ಕಟ್ಟಿಕೊಂಡು. "ಬಾಡಿಗೆ ಮನೆ ಯಜಮಾನನಿಗೆ ಸಾಲದಲ್ಲಿ ಮುಳುಗೋ ಹೊತ್ತು. ಕೈಮೇಲೆ ಡಾಲರು ಹಾಕಿದ್ರೆ ಅರ್ಧ ಬೆಲೆಗೆ ಕೊಡ್ತಾನಂತೆ. ಶುಕ್ರವಾರದ ತನಕ ಟೈಮು. ಗುರುವಾರ ಬಸ್ಸಿಗೆ ಬಂದು ದುಡ್ಡು ತಗೊಂಡ್ಹೋಗ್ತೀನಿ."

"ಅಮ್ಮಾ, ಅಷ್ಟು ಅವಸರ..."

"ಅವಸರ ಅಂತೀಯಾ, ಹತ್ತೊಂಬತ್ತು ವರ್ಷ ಆಯ್ತು. ಬೀದಿಯಲ್ಲಿ ಎಲ್ಲರದೂ ಒಳಗೆ ಸಿಕ್ಕಿಬಿದ್ದಿದೆ, ನನ್ನ ಮಗಳು ಮಾತ್ರ ಮುಂಚೇನೇ ತೆಗೆದ್ಲು ಅಂತ ಹೇಳ್ಕೊಂಡು ತಿರುಗ್ತಿದೀನಿ. ಆ ಪಕ್ಕದ್ಮನೆ ಮೋಂಚಾ ಇದಾಳಲ್ಲ, ಮುಖ ಹುಳಿ ಮಾಡ್ಕೊಂಡ್ಲು. ಮನೆ ಪತ್ರ ಬರೆಯೋನಿಗೆ ಮುಂಗಡ ಕೊಡ್ಬೇಕು, ಬುಧವಾರ ಸಂಜೆ ಇಸ್ತ್ರಿ ಯಂತ್ರ ಮಾರ್ತಿದೀನಿ."

ಫೋನಿಟ್ಟ ಮೇಲೆ ಸಿಲ್ವಾನಾ ಗೋಡೆಗೊರಗಿ ಕುಳಿತಳು. ಅಮ್ಮನಿಗೆ ಮನೆಯೂ ಇಲ್ಲ, ಈಗ ಅನ್ನ ಕೊಡುವ ಯಂತ್ರವೂ ಹೋಗುತ್ತದೆ.

"ಹೇಳ್ಬಿಡು" ಎಂದ ಫಾಬಿಯಾನ್.

"ಇನ್ನೊಂದ್ಸಲ ಬ್ಯಾಂಕಿಗೆ ಹೋಗ್ಬರ್ತೀನಿ."

"ಅಲ್ಲಿ ಏನಿದೆ, ಬಾಣಲೆ ಸದ್ದು ಬಿಟ್ಟು?"

ಆದರೂ ಸೋಮವಾರ, ಮಂಗಳವಾರ ಹೋದಳು. ಕೋರ್ಟಿಗೆ ಅರ್ಜಿ ಹಾಕಬಹುದು, ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದರು ಅಲ್ಲಿ ನಿಂತಿದ್ದವರು.

ಬುಧವಾರ ಮಧ್ಯಾಹ್ನ ಮಗುವನ್ನು ಗಂಡನ ಕೈಗಿತ್ತು, ಮೂಲೆಯ ಫೋನು ಅಂಗಡಿಗೆ ನಡೆದಳು. ಗಾಜಿನ ಪೆಟ್ಟಿಗೆಯೊಳಗೆ ಸೆಕೆ. ಎರಡು ಸಲ ಅಂಕಿ ಒತ್ತಿ ಕತ್ತರಿಸಿದಳು. ಮೂರನೆಯ ಸಲ ಗಂಟೆ ಹೊಡೆಯಲು ಬಿಟ್ಟಳು.

"ಅಮ್ಮಾ, ಯಂತ್ರ ಮಾರ್ಬೇಡ."

"ಯಾಕೆ, ಮಗುಗೆ ಹುಷಾರಿಲ್ವಾ?"

"ಮಗು ಚೆನ್ನಾಗಿದಾಳೆ. ದುಡ್ಡು ನಾನು ತೆಗೆದಿರ್ಲಿಲ್ಲ. ಬಡ್ಡಿ ಆಸೆಗೆ ಅಲ್ಲೇ ಬಿಟ್ಟೆ. ನಿನ್ನ ಹತ್ರ ಸುಳ್ಳು ಹೇಳಿದೆ."

"ಎಲ್ಲಾನೂವಾ?" ಎಂದಳು ಎರ್ಮಿಂದಾ.

"ಎಲ್ಲಾ."

"ಇರು. ಬಾಗಿಲು ಹಾಕ್ಬರ್ತೀನಿ, ಮೋಂಚಾ ಹೊರಗಿದಾಳೆ." ಚಪ್ಪಲಿಯ ಸದ್ದು ಹೋಗಿ ಬಂತು. "ನಾಲ್ಕು ತಿಂಗಳು. ನಾನು ಬೀದಿಗೆಲ್ಲ ನಿನ್ನ ಹೊಗಳೋದನ್ನ ಕೇಳಿಸ್ಕೊಂಡು ನೀನು ಸುಮ್ನೆ ಕೂತಿದ್ದೆ."

"ಹೂಂ."

"ಶುಕ್ರವಾರ ಆ ಮನುಷ್ಯನಿಗೆ ಏನು ಹೇಳ್ಲಿ? ನೀನೇ ಹೇಳ್ಕೊಡು, ಓದಿದೋಳು."

ಸಿಲ್ವಾನಾ ಫೋನು ಕೆಳಗಿಡಲಿಲ್ಲ. ಆ ಕಡೆಯಿಂದ ಅಮ್ಮನೂ ಇಡಲಿಲ್ಲ.